ನಳದ ನೀರಿಗೆ ಒಗ್ಗುವ ಮೀನು

ನಮ್ಮ ಕಚೇರಿಯಲ್ಲಿ ಕೆಲಸ ನಡೆಯುತ್ತಿತ್ತೋ ಇಲ್ಲವೋ ಹೇಳಲಾರೆ. ಈಗ ಹೇಳುವಂಥ ಪ್ರಸಂಗಗಳು ಮಾತ್ರ ರಜೆಯಿಲ್ಲದೆ ನಡೆಯುತ್ತಿದ್ದವು. ಎಲ್ಲದರಲ್ಲೂ ನಡುವೆ ನಾನೇ. ಬಡಾಯಿ ಅಂದುಕೊಳ್ಳಬೇಡಿ, ಮೀನು ಸಾಕುವ ವಿದ್ಯೆಯಲ್ಲಿ ಯಾದಗಿರಿಯಿಂದ ಸುರಪುರದವರೆಗೆ ನನ್ನನ್ನು ಮೀರಿಸಿದವರಿರಲಿಲ್ಲ. ನನ್ನ ಕೈಯಲ್ಲಿ ಸತ್ತಷ್ಟು ಮೀನು ಬೇರೆ ಯಾರ ಕೈಯಲ್ಲೂ ಸತ್ತಿಲ್ಲ ಎಂಬುದೇ ಅದಕ್ಕೆ ಸಾಕ್ಷಿ.

ಕೂತ ನೀರು

ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಕೂಡಿದ ಹೊಸದು. ಶಹಾಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ, ಅದೀಗ ಇಲ್ಲ. ನಿಜಾಮರ ಕಾಲದ ಸಾಹೇಬರೊಬ್ಬರು ಹೈದರಾಬಾದಿನಿಂದ ಮೀನು ಸಾಕುವ ಗಾಜಿನ ಪೆಟ್ಟಿಗೆ ತರಿಸಿದ್ದರು. ರಾಜ್ಯ ಹೋಯಿತು, ಸಾಹೇಬರು ಹೋದರು, ಪೆಟ್ಟಿಗೆ ಉಳಿಯಿತು. ಜೊತೆಗೆ ಅದಕ್ಕೆ ನೀರು ಹಾಕಲೆಂದೇ ನೇಮಿಸಿದ ಚಪರಾಸಿಯೂ ಉಳಿದ. ಐವತ್ತು ದಾಟಿದ ಕುರುಬರ ಆಳು. ನಾವೆಲ್ಲ ಮುತ್ಯಾ ಅನ್ನುತ್ತಿದ್ದೆವು. ಈ ನೌಕರಿಗಾಗಿ ಕುರಿಗಳನ್ನೆಲ್ಲ ಅಣ್ಣತಮ್ಮಂದಿರಿಗೆ ಬಿಟ್ಟು ಬಂದಿದ್ದ. ಈಗ ವಾಪಸು ಹೋದರೆ ತಮ್ಮಂದಿರಿರಲಿ, ಕುರಿಗಳೂ ಗುರುತು ಹಿಡಿಯುವಂತಿರಲಿಲ್ಲ.

ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರು ಮೊದಲ ದಿನವೇ ಜಗಲಿಯ ಮೇಲೆ ಸಾಲಾಗಿಟ್ಟ ನಾಲ್ಕು ಗಡಿಗೆ ನೋಡಿದರು.

“ಏನಯ್ಯಾ ಇದು?”

“ನಳದ ನೀರ್ರಿ,” ಅಂದ ಮುತ್ಯಾ. “ಎರಡು ದಿನ ಕೂಡಿಸೀನ್ರಿ.”

“ಕೂರಿಸಿದ್ದೀಯಾ? ಯಾಕೆ?”

“ಊರ ಟಾಕಿಗಿ ಕಾಲರಾದ ಪುಡಿ ಹಾಕ್ತಾರ್ರಿ. ನೀರು ಕೂತಿತಂದ್ರ ಅದರ ವಾಸನಿ ಹೋಗ್ತದ್ರಿ. ಆಮ್ಯಾಲ ಮೀನಿಗಿ ಹಾಕ್ತೀನ್ರಿ.”

“ಅಲ್ಲೀವರೆಗೆ ನೀನೇನು ಮಾಡ್ತೀಯ?”

“ನಾನೂ ಕೂಡ್ತೀನ್ರಿ.”

ಸಾಹೇಬರು ನನ್ನ ಕಡೆ ತಿರುಗಿದರು. “ನೌಕರರು ಕೂತಿರೋ ಕಚೇರಿ ಬೇಕಾದಷ್ಟು ನೋಡಿದ್ದೀನಿ ಕಣ್ರೀ. ನೀರೂ ಕೂತಿರೋ ಕಚೇರಿ ಇದೇ ಮೊದಲು.”

ಸಾಷ್ಟಾಂಗ

ಅಂದೇ ಹುಕುಂ ಆಯಿತು. ನೀರನ್ನು ಕೂರಿಸಕೂಡದು, ನಳದಿಂದ ನೇರ ಪೆಟ್ಟಿಗೆಗೆ ಬಿಡಬೇಕು. ಆ ನೀರಿಗೆ ಒಗ್ಗುವ, ಯಾರ ಆರೈಕೆಯನ್ನೂ ಬೇಡದ ಮೀನು, ಗಿಡ ಹುಡುಕಬೇಕು. ಸಿಕ್ಕ ಮೇಲೆ ನೀರಿನವನ ಹುದ್ದೆ ಯಾಕೆ?

“ಮೀನಿನ ವಿಷಯ ಯಾರಿಗೆ ಗೊತ್ತು?” ಅಂದರು. ನನ್ನ ಕೈ ನನಗಿಂತ ಮೊದಲು ಮೇಲೆದ್ದಿತ್ತು. ಆಗಿನ ತನಕ ನಾನು ನಿಗಾ ಕೊಟ್ಟು ನೋಡಿದ ಮೀನೆಂದರೆ ಪಂಚಾಂಗದ ಮೀನರಾಶಿಯೊಂದೇ.

ಹೊರಗೆ ಬಂದಾಗ ಮುತ್ಯಾ ಕಂಬಕ್ಕೊರಗಿ ನಿಂತಿದ್ದ. “ಗುಮಾಸ್ತ್ರ, ಮೀನು ಬದುಕಿದ್ರ ನನ್ನ ನೌಕರಿ ಹೋತು. ಸತ್ರ ಮುದುಕ ಕೊಂದ ಅಂತಾರ. ನೀವು ಯಾವುದು ಮಾಡವ್ರು?”

ನಾನು ಎರಡನ್ನೂ ಮಾಡಿದೆ. ಮೊದಲು ಹಳೆ ಮೀನು ತೆಗೆಸಿ, ಹೈದರಾಬಾದಿನಿಂದ ಕೆಂಪು ಮೀನು ತರಿಸಿ ನಳದ ನೀರಿಗೆ ಬಿಟ್ಟೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ನೀರಿನ ಮೇಲೆ ತೇಲುತ್ತಿದ್ದವು.

“ಏನ್ರೀ ಇದು?” ಅಂದರು ಸಾಹೇಬರು.

“ಹೊಸ ಸರ್ಕಾರಕ್ಕ ಸಾಷ್ಟಾಂಗ ಹಾಕ್ಯಾವ್ರಿ,” ಅಂದೆ.

“ಸಾಷ್ಟಾಂಗ ಬೋರಲು ಹಾಕ್ತಾರೆ. ಇವು ಅಂಗಾತ ಬಿದ್ದಿವೆ.”

“ನಿಜಾಮರ ಕಡಿ ಮೀನ್ರಿ. ನಿಮ್ಮ ಕಡಿ ಪದ್ಧತಿ ಇನ್ನಾ ಕಲ್ತಿಲ್ರಿ.”

ಸರ್ಕಾರಿ ಪಲ್ಲೆ

ಮೀನು ಕೈಕೊಟ್ಟಮೇಲೆ ಗಿಡಕ್ಕೆ ಹೊರಟೆ. ತಿಂಥಣಿಯಲ್ಲಿ ಕೃಷ್ಣೆಗಿಳಿದು, ಮೊಣಕಾಲ ತನಕ ನೀರಲ್ಲಿ ನಿಂತು, ನೀರೊಳಗೆ ಬೆಳೆಯುವ ಎಳೆಎಳೆ ಹುಲ್ಲನ್ನು ಒಂದು ಹೊರೆ ಕಿತ್ತೆ. ಮೊಸಳೆಯೊಂದು ನನ್ನನ್ನು ನೋಡಿ ಹೆದರಿ ಆಚೆ ದಂಡೆಗೆ ಹೋಯಿತು. ಇದನ್ನು ನಂಬುವವರು ನಂಬಬಹುದು.

ಒದ್ದೆ ಧೋತರದಲ್ಲಿ ಗಂಟು ಕಟ್ಟಿ ಬಸ್ಸು ಹತ್ತಿದೆ. ಬಸ್ಸಿನ ತುಂಬ ಅಲ್ಲಿನ ಗುಡಿಯ ಮೌನೇಶ್ವರನ ದರ್ಶನ ಮಾಡಿ ಬಂದವರು. ಪಕ್ಕದ ಅಜ್ಜಿ ಗಂಟು ಮುಟ್ಟಿ, “ಯಾವ ಪಲ್ಲೆರಿ ಯಪ್ಪಾ?” ಅಂದಳು.

“ಸರ್ಕಾರಿ ಪಲ್ಲೆ.”

“ಎಲ್ಲಿಂದ ತಂದ್ರಿ?”

“ಇಲ್ಲೇ, ಗುಡಿ ಕೆಳಗ, ಹೊಳ್ಯಾಗ.”

ಅಷ್ಟು ಸಾಕಾಯಿತು. ಅಜ್ಜಿ ಒಂದೆಳೆ ಕಿತ್ತು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಹಿಂದಿನ ಸೀಟಿನವರು ಕೈಚಾಚಿದರು. ಸುರಪುರ ಬರುವಷ್ಟರಲ್ಲಿ ಕಂಡಕ್ಟರನ ಕಿವಿಯ ಮೇಲೂ ಒಂದೆಳೆ. ಶಹಾಪುರದಲ್ಲಿ ಗಂಟು ಬಿಚ್ಚಿದರೆ ಉಳಿದದ್ದು ಒಂದೇ ಒಂದು ಕಡ್ಡಿ.

ಆ ಕಡ್ಡಿಯನ್ನೇ ನೆಟ್ಟೆ. ಆರೈಕೆ ಬೇಡದ ಗಿಡ ಅಂದರೆ ಅದು! ತಿಂಗಳೊಳಗೆ ಪೆಟ್ಟಿಗೆ ತುಂಬಿ ಮೇಲೆ ಬಂತು. ಈ ನಡುವೆ ನಾನು ತಂದು ಬಿಟ್ಟಿದ್ದ ಕೆರೆಯ ಆರು ಸಣ್ಣ ಮೀನುಗಳಲ್ಲಿ ಒಂದೂ ಕಾಣದು.

“ಮೀನೆಲ್ಲಯ್ಯಾ?” ಅಂದರು ಸಾಹೇಬರು.

ಮುತ್ಯಾ ಕೈಮುಗಿದ. “ಒಳಗ ಅದಾವಂತ ನಂಬಿ ನಡೀಬೇಕ್ರಿ. ದೇವರಿದ್ದಂಗ.”

ವಿಲೀನ

ಕೊನೆಗೆ ಯಾದಗಿರಿಗೆ ಹೋಗಿ ಭೀಮಾ ಹೊಳೆಯ ದಂಡೆಯಲ್ಲಿ ಒಬ್ಬ ಮೀನುಗಾರನನ್ನು ಹಿಡಿದೆ. ಅವನು ಬುಟ್ಟಿಯಿಂದ ಮೀಸೆಯ ಮೀನೊಂದನ್ನು ಎತ್ತಿ ತೋರಿಸಿದ. “ಇದು ಮ್ಯಾಲ ಬಂದು ಗಾಳಿ ಕುಡೀತದ್ರಿ. ಕೆಸರಾಗ ಬದುಕ್ತದ, ಒಡದ ಗಡಿಗ್ಯಾಗ ಬದುಕ್ತದ, ಮನಸ್ಸು ಮಾಡಿದ್ರ ನಿಮ್ಮ ಕಚೇರಿಯಾಗೂ ಬದುಕ್ತದ.”

ಅದನ್ನು ತಂದು ಕೆರೆಯ ಆ ಆರು ಮೀನುಗಳ ಜೊತೆ ಬಿಟ್ಟೆ. ಎಂಟನೆಯ ದಿನ ಗಿಡ ಸರಿಸಿ ನೋಡಿದರೆ ಮೀಸೆಯದು ಒಂದೇ, ಹೊಟ್ಟೆ ಉಬ್ಬಿಸಿಕೊಂಡು ಸಾಹೇಬರನ್ನೇ ದಿಟ್ಟಿಸುತ್ತಿತ್ತು.

“ಉಳಿದ ಆರು ಎಲ್ಲಿ?”

“ವಿಲೀನ ಆಗ್ಯಾವ್ರಿ,” ಅಂದೆ.

ಎಳ್ಳುನೀರು

ಸಾಹೇಬರಿಗೆ ಸಂತೋಷವೋ ಸಂತೋಷ. ಒಂದು ಮೀನು, ಒಂದು ಗಿಡ, ನೇರ ನಳದ ನೀರು, ಆರೈಕೆ ಸೊನ್ನೆ. ನಾನೂ ಮೀಸೆ ತಿರುವಿದೆ. ಮುತ್ಯಾ ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿದ್ದ.

ಒಂದು ಮುಂಜಾನೆ ಬೇಗ ಹೋದೆ. ಮುತ್ಯಾ ಯಾರೂ ಇಲ್ಲವೆಂದು ಪೆಟ್ಟಿಗೆಯ ನೀರು ಅರ್ಧ ತೆಗೆದು, ಹಿತ್ತಲಲ್ಲಿ ಅಡಗಿಸಿಟ್ಟ ಗಡಿಗೆಯ ಕೂತ ನೀರನ್ನು ಸುರಿಯುತ್ತಿದ್ದಾನೆ! ಮೀನು ಬದುಕಿದ್ದು ನನ್ನ ವಿದ್ಯೆಯಿಂದಲ್ಲ, ಇವನ ಕಳ್ಳತನದಿಂದ.

“ಏ ಮುತ್ಯಾ! ಮೀನು ಬದುಕಿದಷ್ಟೂ ನೀ ಬ್ಯಾಡಾಗ್ತಿ. ನಿನ್ನ ನೌಕರಿಗಿ ನೀನೇ ಎಳ್ಳುನೀರು ಬಿಡಾಕತ್ತೀಯಲ್ಲೋ!”

ಅವನು ಗಡಿಗೆ ಕೆಳಗಿಡಲಿಲ್ಲ. “ಅದು ಬಾಯಿ ಬಿಡೋದು ನೋಡಾಕಾಗಂಗಿಲ್ರಿ. ಮತ್ತ ಎಳ್ಳೆಲ್ಲಿಂದ ಬರ್ಬೇಕ್ರಿ, ಬರೀ ನೀರು.”

ಒಂದೇ ಮಾತು

ಅವತ್ತೇ ನಿಶ್ಚಯಿಸಿದೆ, ಈ ಮುದುಕನ ನೌಕರಿ ನಾನೇ ಉಳಿಸಬೇಕು. ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಮೀನಿನ ಕಡೆ ನೋಡಿ, “ಇರಲಿ ಬಿಡ್ರೀ, ಅವನನ್ನ ಇಟ್ಟುಕೊಳ್ಳೋಣ” ಅಂದರು. ದೇವರಂಥ ಮನುಷ್ಯ.

ಅಷ್ಟರಲ್ಲಿ ಬೆಂಗಳೂರಿನಿಂದ ಫಾರಂ ಬಂತು. ಹುದ್ದೆಹುದ್ದೆಗೂ ಒಂದು ಪ್ರಶ್ನೆ: “ಈ ಹುದ್ದೆ ಅನಗತ್ಯವೇ? ಅಲ್ಲವಾದರೆ ಯಾವುದರ ಸಲುವಾಗಿ ಬೇಕು? ಉತ್ತರ ಒಂದೇ ಮಾತಿನಲ್ಲಿರಲಿ.”

ತುಂಬುವವನು ನಾನೇ. ಮುತ್ಯಾ ಬೇಕಾದದ್ದು ಗಾಜಿನ ಪೆಟ್ಟಿಗೆಗೆ. ಅದಕ್ಕೆ ನಮ್ಮ ಸೀಮೆಯಲ್ಲಿ ಒಳ್ಳೆ ಮಾತಿದೆ. ನೀರಿನ ತೊಟ್ಟಿಗೆ ನಾವು “ಹೌದು” ಅನ್ನುತ್ತೇವೆ; ಕಲ್ಲಿನ ಹೌದು, ಗಚ್ಚಿನ ಹೌದು, ಇದು ಗಾಜಿನ ಹೌದು. ಇಷ್ಟು ಚೊಕ್ಕ ಮಾತು ಬೆಂಗಳೂರಿನವರು ಓದಿರಲಾರರು ಎಂದು ಹೆಮ್ಮೆಯಿಂದ, ದುಂಡಗೆ ಬರೆದೆ: “ಹೌದು.” ಸಾಹೇಬರು ನನ್ನ ಮೇಲಿನ ನಂಬಿಕೆಯಿಂದ ಓದದೆ ಸಹಿ ಹಾಕಿದರು.

ತಿಂಗಳ ಮೇಲೆ ಆರ್ಡರ್ ಬಂತು. ಹುದ್ದೆ ರದ್ದು.

ಸಾಹೇಬರು ಫಾರಂನ ನಕಲು ತೆಗೆಸಿ ನೋಡಿ ನನ್ನನ್ನು ಕರೆದರು. “ಅನಗತ್ಯವೇ ಅಂತ ಕೇಳಿದ್ದಕ್ಕೆ ಹೌದು ಅಂತ ಬರೆದಿದ್ದೀರಲ್ರೀ!”

“ಹೌದು ಅಂದ್ರ ಹೌದ್ರಿ ಸಾಹೇಬ್ರ!”

“ಅದನ್ನೇ ಅವರೂ ತಿಳಕೊಂಡಿದ್ದು.”

“ಆ ಹೌದು ಅಲ್ರಿ, ಈ ಹೌದು!” ಎಂದು ಪೆಟ್ಟಿಗೆ ತೋರಿಸಿದೆ. ಸಾಹೇಬರು ತಲೆ ಹಿಡಿದು ಕೂತರು.

ತಿದ್ದುಪಡಿ ಬರೆದು ಕಳಿಸಿದೆವು. ಇಲ್ಲದ ಹುದ್ದೆಯ ಬಗ್ಗೆ ಪತ್ರ ಬರೆಯಬಾರದೆಂದು ಉತ್ತರ ಬಂತು.

ಮುತ್ಯಾ ಕೊನೆಯ ದಿನ ಪೆಟ್ಟಿಗೆಗೆ ನೀರು ಹಾಕಿ, ಕಂಬಳಿ ಹೆಗಲಿಗೇರಿಸಿ, ನನ್ನ ಮೇಜಿನ ಮುಂದೆ ಬಂದು ನಿಂತ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

“ಗುಮಾಸ್ತ್ರ,” ಅಂದ, “ಇಪ್ಪತ್ತು ವರ್ಷ ಯಾವ ಸಾಹೇಬ್ರು ಏನಂದ್ರೂ ನಾ ಹೌದ್ರಿ, ಹೌದ್ರಿ ಅನಕೋತ ಬಂದೆ, ನೌಕರಿ ಉಳೀತು. ನನ್ನ ಸಲುವಾಗಿ ನೀವು ಒಂದೇ ಒಂದು ಸಲ ಅಂದ್ರಿ ನೋಡ್ರಿ.”