ಇಂಗ್ಲಿಷ್ ಬಾಸ್‌ನ ಹಬ್ಬಗಳೂ ನನ್ನ ಎದೆಬಡಿತವೂ

ಹೆದರಿದವರ ಮೇಲೆ ಹಾವು ಎಸೆದರು ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಉಡುಪಿ ಕಡೆಯ ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಮೇಷ್ಟ್ರು. ನಮ್ಮ ವಿಭಾಗದ ಮುಖ್ಯಸ್ಥರು ಇಂಗ್ಲೆಂಡಿನವರು. ನನ್ನ ಕಾಂಟ್ರಾಕ್ಟು ಆ ಡಿಸೆಂಬರಿಗೆ ಮುಗಿಯುತ್ತಿತ್ತು, ಮುಂದುವರಿಯಲು ಅವರ ಸಹಿ ಬೇಕಿತ್ತು. ಹೀಗಾಗಿ ಆ ವರ್ಷ ಅವರ ಹಬ್ಬ ಬಂದಾಗಲೆಲ್ಲ ನನಗೊಂದು ಗಂಡಾಂತರ.

ಏಪ್ರಿಲ್ ಒಂದು

ಬೆಳಿಗ್ಗೆ ನನ್ನ ಮೇಜಿನ ಮೇಲೆ ಮುಖ್ಯಸ್ಥರ ಚೀಟಿ. 'ಮಧ್ಯಾಹ್ನದೊಳಗೆ ಕೋಣೆ ಖಾಲಿ ಮಾಡಿ.' ಮೇಲೆ ತಾರೀಕು ದಪ್ಪ ಅಕ್ಷರದಲ್ಲಿತ್ತು. ಹೆದರಿದವನು ತಾರೀಕು ಓದುತ್ತಾನೆಯೇ? ಯಾರನ್ನೂ ಕೇಳದೆ ಪುಸ್ತಕಗಳನ್ನೆಲ್ಲ ಮೂರು ಮಹಡಿ ಇಳಿಸಿ ಕಾರಿಗೆ ತುಂಬಿದೆ.

ಹನ್ನೆರಡೂ ಹತ್ತಕ್ಕೆ ಮುಖ್ಯಸ್ಥರು ಓಡಿ ಬಂದರು. "ಅಯ್ಯೋ, ಅದು ತಮಾಷೆ. ನೀವು ನಗುತ್ತಾ ಬರುತ್ತೀರಿ ಅಂತ ಕಾದೆ. ನಮ್ಮಲ್ಲಿ ಈ ತಮಾಷೆ ಹನ್ನೆರಡರವರೆಗೆ ಮಾತ್ರ. ಆಮೇಲೆ ಮಾಡಿದವನೇ ಮೂರ್ಖ."

ನಿಯಮವೆಂದರೆ ನಿಯಮ ಎಂದು ಅಷ್ಟೂ ಪೆಟ್ಟಿಗೆಗಳನ್ನು ಅವರೇ ಹೊತ್ತು ಮೇಲೆ ತಂದಿಟ್ಟರು. ಬಾಸ್ ಕೈಲಿ ಮೂಟೆ ಹೊರಿಸಿದವನ ಕೆಲಸ ಉಳಿಯುತ್ತದೆಯೇ ಎಂದು ನನಗೆ ಹೊಸದಾಗಿ ಹೆದರಿಕೆ ಶುರುವಾಯಿತು.

ನವೆಂಬರ್ ಐದು

"ಹಳೆಯ ಬಟ್ಟೆ ಇದ್ದರೆ ಕೊಡಿ" ಎಂದರು ಮುಖ್ಯಸ್ಥರು. ಯಾರೋ ಬಡವರಿಗಿರಬೇಕೆಂದು ನನ್ನ ಹಳೆಯ ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿ ಕೊಟ್ಟೆ. ಸಂಜೆ ಹೆಂಡತಿಯೊಂದಿಗೆ ಮನೆಗೆ ಬರಲೂ ಹೇಳಿದರು.

ಹೋಗಿ ನೋಡಿದರೆ ಅಂಗಳದಲ್ಲಿ ಸೌದೆ ರಾಶಿ, ಅದರ ಮೇಲೊಂದು ಹುಲ್ಲಿನ ಬೊಂಬೆ. ಬೊಂಬೆಯ ಮೈಮೇಲೆ ನನ್ನ ಕೋಟು, ಎದೆಯ ಮೇಲೆ ಕೆಂಪು ದಾರದಲ್ಲಿ ಹೊಲಿದ ನನ್ನ ಹೆಸರು. ಮುಖ್ಯಸ್ಥರು ಬೆಂಕಿ ಹಚ್ಚಿದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಹೆಂಡತಿ ನನ್ನ ತೋಳು ಹಿಡಿದಳು. "ಊರಲ್ಲಿ ಮಂತ್ರಿಗಳಿಗೆ ಹೀಗೆ ಮಾಡ್ತಾರೆ. ನೀವು ಎಂತ ಮಾಡಿದ್ದು ಮಾರಾಯ್ರೆ?"

ಪಕ್ಕದ ವಿದ್ಯಾರ್ಥಿಯನ್ನು ಮೆಲ್ಲಗೆ ಕೇಳಿದೆ. ಹಿಂದೊಮ್ಮೆ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಸಿಡಿಮದ್ದಿಡಲು ಹೋಗಿ ಸಿಕ್ಕಿಬಿದ್ದವನೊಬ್ಬನ ಬೊಂಬೆಯನ್ನು ಇಂಗ್ಲಿಷರು ವರ್ಷವರ್ಷ ಈ ದಿನ ಸುಡುತ್ತಾರಂತೆ. ಮುಖ್ಯಸ್ಥರು ಸುಟ್ಟ ಆಲೂಗಡ್ಡೆ ಕೊಡುತ್ತಾ ಹೇಳಿದರು, "ಕೋಟು ಚೆನ್ನಾಗಿ ಉರಿಯಿತು. ಮುಂದಿನ ವರ್ಷಕ್ಕೂ ಒಂದು ಇಟ್ಟಿರಿ."

ಹೆಂಡತಿ ಕಿವಿಯಲ್ಲಿ ಪಿಸುಗುಟ್ಟಿದಳು. "ಮುಂದಿನ ವರ್ಷ ಅಂದ್ರು. ಹಾಗಾದ್ರೆ ಕೆಲಸ ಉಂಟು."

ಕ್ರಿಸ್‌ಮಸ್ ಊಟ

ಸಹಿ ಇನ್ನೂ ಆಗಿರಲಿಲ್ಲ. ಕ್ರಿಸ್‌ಮಸ್ ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಮೇಡಂ ಸಸ್ಯಾಹಾರಿಯಾದ ನನಗಾಗಿಯೇ ಮಾಂಸದ ಕೊಬ್ಬು ಹಾಕದೆ ಕರಿ ಬಣ್ಣದ ಪುಡ್ಡಿಂಗ್ ಮಾಡಿದ್ದರು. ಎರಡನೆಯ ಚಮಚಕ್ಕೆ ಹಲ್ಲಿಗೆ ಏನೋ ಕಟಕ್ಕೆಂದಿತು. ಕಲ್ಲು ಎಂದುಕೊಂಡೆ. ಸಹಿ ಹಾಕಬೇಕಾದವರ ಮನೆಯ ಅಡುಗೆಯಲ್ಲಿ ಕಲ್ಲಿದೆ ಎಂದು ಹೇಳುವ ಧೈರ್ಯ ಯಾರಿಗುಂಟು? ಕಣ್ಣು ಮುಚ್ಚಿ ನುಂಗಿದೆ. "ತುಂಬಾ ರುಚಿ" ಎಂದೂ ಹೇಳಿದೆ.

ಆಗ ಮೇಡಂ ನಗುತ್ತಾ ಕೇಳಿದರು, "ಈ ವರ್ಷದ ಅದೃಷ್ಟ ಯಾರಿಗೆ? ಪುಡ್ಡಿಂಗಿನೊಳಗೆ ಬಚ್ಚಿಟ್ಟ ಬೆಳ್ಳಿ ನಾಣ್ಯ ಯಾರಿಗೆ ಸಿಕ್ಕಿತು?"

ಎಲ್ಲರೂ ತಟ್ಟೆ ಕೆದಕಿದರು. ನಾನೂ ಕೆದಕಿದೆ. ಅದು ಅವರ ಅಜ್ಜಿಯ ನಾಣ್ಯವಂತೆ, ಪ್ರತಿ ವರ್ಷ ತೊಳೆದು ಎತ್ತಿಡುತ್ತಾರಂತೆ. ಸಿಗದೆ ಹೋದಾಗ ಮೇಡಂ ಕಣ್ಣಲ್ಲಿ ನೀರು ಬಂತು.

ಮರುದಿನ ಎಕ್ಸ್‌ರೇ ತೆಗೆಸಿದೆ. ಹೊಟ್ಟೆಯಲ್ಲಿ ಅಜ್ಜಿಯ ನಾಣ್ಯ ದುಂಡಗೆ ಕೂತಿತ್ತು. ಎಕ್ಸ್‌ರೇ ಹಿಡಿದು ಮುಖ್ಯಸ್ಥರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ಅದನ್ನು ಕಿಟಕಿಗೆ ಹಿಡಿದು ನೋಡಿದರು, ಮೇಡಂಗೆ ಫೋನ್ ಮಾಡಿದರು. ಆಮೇಲೆ ಹೇಳಿದರು, "ಅದು ಕೈಗೆ ಬರುವ ಮೊದಲು ನಿಮ್ಮನ್ನು ಊರಿಗೆ ಕಳಿಸಿದರೆ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲವಂತೆ. ಸಹಿ ಹಾಕುತ್ತೇನೆ. ಕಾಗದ ಆಫೀಸಿನಿಂದ ನಾಳಿದ್ದು ಬರುತ್ತದೆ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳುತ್ತಾ, ಹೊಟ್ಟೆ ಸಡಿಲವಾಗಲೆಂದು ಬಾಳೆಹಣ್ಣು ಸುಲಿದೆ. ಅವಳು ಅದನ್ನು ಕೈಯಿಂದ ಕಿತ್ತುಕೊಂಡಳು.

"ನಾಳಿದ್ದಿನವರೆಗೆ ತಡ್ಕೊಳ್ಳಿ ಮಾರಾಯ್ರೆ. ಮೊದಲು ಕಾಗದ ಬರಲಿ."