ಹಾಲುಹಲ್ಲಿನವರಿಗೂ ‘ರೀ’

ನನ್ನ ತಂಗಿಗೆ ಮರ್ಯಾದೆ ಕೊಡುವುದು ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿಯೇ ಗೊತ್ತಿದೆ! ಯಾರಿಗೆ ಕೊಡಬೇಕು ಎಂಬ ಲೆಕ್ಕ ಮಾತ್ರ ತಲೆಕೆಳಗಾಗಿದೆ. ಅವಳಿಗಿಂತ ಎಂಟು ವರ್ಷ ದೊಡ್ಡವನಾದ ನನಗೆ ಸಿಗುವ ಸ್ವಾಗತ, “ಏ ಅಣ್ಣಾ, ಚಪ್ಲಿ ಹೊರಗ್ ಬಿಡು!” ಅದೇ ಹೊಸ್ತಿಲಲ್ಲಿ ಮೂಗು ಸೋರಿಸಿಕೊಂಡು ನಿಂತ ಎರಡೂವರೆ ವರ್ಷದ ಆಸಾಮಿಗೆ, “ಬರ್ರಿ ಸಾಹೇಬ್ರೆ, ಕೂಡ್ರಿ. ಮೂಗು ಒರೆಸ್ಲೇನ್ರಿ?”

ದಾವಣಗೆರೆಯಲ್ಲಿ, ಶಾಮನೂರಿನ ಕಡೆಯ ಹೊಸ ಬಡಾವಣೆಯೊಂದರಲ್ಲಿ ಅವಳು ಪ್ಲೇ ಹೋಮ್ ನಡೆಸುತ್ತಾಳೆ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳ ಪುಟ್ಟ ಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿರುತ್ತವೆ. ನಾನು ಹರಿಹರದವನು. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೇ ನಿವೃತ್ತನಾದವನು. ವಾರಕ್ಕೊಮ್ಮೆ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಅಲ್ಲಿನ ಅವ್ಯವಸ್ಥೆಯನ್ನು ನೋಡಿ ನೊಂದುಕೊಂಡು ಬರುವುದು ನನ್ನ ಕ್ರಮ.

ಮೊದಲು ಅಲ್ಲಿ ಎಲ್ಲವೂ ಇಂಗ್ಲಿಷ್. ತಂದೆತಾಯಿಯರ ಬೇಡಿಕೆ ಅದು. ಮಗುವಿಗೆ ಅವಸರವಾದರೆ ಎದ್ದು ನಿಂತು, ಕೈ ಕಟ್ಟಿ, “ಮಿಸ್, ಮೇ ಐ ಗೋ ಟು ಟಾಯ್ಲೆಟ್, ಪ್ಲೀಸ್” ಎನ್ನಬೇಕು. ಆ ಸ್ಥಿತಿಯಲ್ಲಿ ಅಷ್ಟುದ್ದದ ವಾಕ್ಯವನ್ನು ನೀವಾದರೂ ಹೇಳುತ್ತೀರಾ? ‘ಪ್ಲೀಸ್’ ಬರುವಷ್ಟರಲ್ಲಿ ನೆಲ ಒದ್ದೆ! ಒಂದು ದಿನ ತಂಗಿ ನೆಲ ಒರೆಸುವ ಬಟ್ಟೆಯನ್ನು ಮೂಲೆಗೆ ಒಗೆದು ಸಾರಿದಳು: “ಇನ್ಮ್ಯಾಲೆ ‘ಉಚ್ಚಿ ಬಂತ್ರಿ’ ಅನ್ರಿ, ಓಡ್ರಿ. ಅಷ್ಟೇ!” ಹೀಗೆ ಕನ್ನಡವು ನನ್ನ ತಂಗಿಯ ಪ್ಲೇ ಹೋಮನ್ನು ಬಚ್ಚಲ ಬಾಗಿಲಿನಿಂದ ಪ್ರವೇಶಿಸಿತು.

ಅಲ್ಲೇ ನಿಂತಿತೇ? ಇಲ್ಲ, ಮಂಡಕ್ಕಿ ಡಬ್ಬಿಯವರೆಗೂ ನಡೆಯಿತು. ತಟ್ಟೆಯ ಮೇಲೆ ಸೌಟು ಹಿಡಿದು ತಂಗಿ ಕಲ್ಲಿನ ಬೊಂಬೆಯಂತೆ ನಿಲ್ಲುತ್ತಾಳೆ. ‘ಹಾಕ್ರಿ’ ಎಂದರೆ ಮಂಡಕ್ಕಿ ಬೀಳುತ್ತದೆ. ‘ಸಾಕ್ರಿ’ ಎಂದರೆ ಮಾತ್ರ ನಿಲ್ಲುತ್ತದೆ. ಒಂದು ಮಗು ‘ಹಾಕ್ರಿ’ ಕಲಿಸಿದ ದಿನ ಬಂದಿತ್ತು, ‘ಸಾಕ್ರಿ’ ಕಲಿಸಿದ ದಿನ ಜ್ವರವೆಂದು ಬಂದಿರಲಿಲ್ಲ. ಮರುದಿನ ಬಂದು “ಹಾಕ್ರಿ” ಎಂದಿತು. ಇವಳು ಹಾಕಿದಳು. ಮಗುವಿಗೆ ನಿಲ್ಲಿಸುವ ಪದ ಗೊತ್ತಿಲ್ಲ! ಮಂಡಕ್ಕಿಯ ಗುಡ್ಡ ಗದ್ದದವರೆಗೆ ಬಂದಾಗ ಮಗು ಗಾಬರಿಯಿಂದ ಅತ್ತಿತ್ತ ನೋಡಿತು. ಉಳಿದವರೆಲ್ಲ ಒಕ್ಕೊರಲಿನಿಂದ ಕೂಗಿ ಅದನ್ನು ಕಾಪಾಡಿದರು: “ಸಾಕ್ರೀ!”

ಇದಕ್ಕೊಂದು ಶಿಸ್ತು ಬೇಡವೇ? ಕನ್ನಡಕ್ಕೆ ದಿನಾ ಹತ್ತರಿಂದ ಹತ್ತೂಕಾಲು ಎಂದು ವೇಳಾಪಟ್ಟಿ ಬರೆದು ತಂಗಿಯ ಮುಂದಿಟ್ಟೆ.

“ಅಣ್ಣಾ, ಹಸಿವು, ಸಿಟ್ಟು, ಜಗಳ ಎಲ್ಲಾ ಹತ್ತು ಗಂಟೆ ತನಕ ಕಾಯ್ತಾವೇನು? ಸೈರನ್ ಹೊಡ್ದು ಮಾತಾಡ್ಸಾಕೆ ಇದು ನಿನ್ನ ಫ್ಯಾಕ್ಟ್ರಿ ಏನು?”

ನಾನು ವೇಳಾಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಆದರೆ ಮಕ್ಕಳು ಕಲಿತದ್ದನ್ನು ಪ್ಲೇ ಹೋಮಿನಲ್ಲೇ ಬಿಟ್ಟು ಹೋಗುತ್ತವೆಯೇ? ಊಟದ ಹೊತ್ತಿಗೆ ಅಪ್ಪಂದಿರಿಗೆ, “ಮೊಬೈಲ್ ಇಡ್ರಿ, ಉಣ್ರಿ” ಎನ್ನತೊಡಗಿದವು. ಇಂಗ್ಲಿಷ್ ಎಲ್ಲಿ ಹೋಯಿತು ಎಂದು ದೂರುಗಳು ಶುರುವಾದವು. ಒಂದು ಶನಿವಾರ, ನಾನೂ ಅಲ್ಲಿದ್ದಾಗ, ತಂದೆತಾಯಿಯರೆಲ್ಲ ಸಭೆ ಸೇರಿದರು. ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಆ ಭಂಗಿಯಲ್ಲಿ ಸಿಟ್ಟು ಮಾಡುವುದು ಸುಲಭವಲ್ಲ, ಆದರೂ ಮಾಡಿದರು.

ಮೊದಲು ಮಾತಾಡಿದವರು ಗಾದಿ ಅಂಗಡಿಯ ಯಜಮಾನರು. ಅವರ ಮೂರು ವರ್ಷದ ಮಗಳು ಅಂಗಳದಲ್ಲಿ ಆಡುತ್ತಿದ್ದಳು. “ಮನ್ಯಾಗೆ ಉರ್ದು ಐತೆ. ಮುಂದೆ ದೊಡ್ಡ ಸ್ಕೂಲಿಗೆ ಇಂಗ್ಲಿಷ್ ಬೇಕು. ನಡುವೆ ಇದೊಂದು ಯಾಕ್ರಿ ಮೇಡಂ? ಸಣ್ಣ ಕೂಸು, ತಲಿ ಎಷ್ಟು ತಡೀತೈತೆ?”

“ಅಂಗ್ಡ್ಯಾಗೆ ನೀವು ಯಾವ ಭಾಷೆ ಮಾತಾಡ್ತೀರಿ?” ತಂಗಿ ಕೇಳಿದಳು.

“ಉರ್ದು, ಕನ್ನಡ. ಬೇಕಾದ್ರೆ ನಾಕು ಮಾತು ಇಂಗ್ಲಿಷ್.”

“ತಲಿ ತಡದೈತಲ್ರಿ!”

ಎಲ್ಲರೂ ನಕ್ಕರು. ಅವರು ನಗಲಿಲ್ಲ. “ಸೋಮವಾರದಿಂದ ಬರೀ ಇಂಗ್ಲಿಷ್ ಇದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಬಿಡಿಸ್ತೀನಿ.” ಹಿಂದಿನ ಸಾಲಿನ ತಲೆಗಳೂ ಅಲ್ಲಾಡಿದವು. ಅಷ್ಟು ಮಕ್ಕಳು ಹೋದರೆ ಪ್ಲೇ ಹೋಮಿಗೆ ಬೀಗವೇ ಗತಿ. ತಂಗಿ ಒಪ್ಪಿಕೊಳ್ಳುತ್ತಾಳೆ ಎಂದೇ ನಾನು ತಿಳಿದಿದ್ದೆ.

“ಇಂಗ್ಲಿಷ್ ಬಿಡಾಂಗಿಲ್ರಿ, ಕಲಿಸ್ತೀನಿ” ಎಂದಳು, ಮೆಲ್ಲಗೆ. “ಆದ್ರೆ ಮಕ್ಳು ಬಿದ್ರೆ ಇಂಗ್ಲಿಷ್‌ನಾಗೆ ಅಳಂಗಿಲ್ಲ. ಇಷ್ಟು ವರ್ಷ ‘ಡೋಂಟ್ ಕ್ರೈ’ ಅಂದೆ. ಒಬ್ರೂ ಸುಮ್ಮನಾಗ್ಲಿಲ್ಲ. ಅವು ಅಳೋ ಮಾತಿನಾಗೆ ನಾನು ಎತ್ಕೊಳ್ಳಬೇಕ್ರಿ.”

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದಿಂದ “ಅಮ್ಮೀ!” ಎಂಬ ಚೀತ್ಕಾರ. ಅವರ ಮಗಳೇ ಮೆಟ್ಟಿಲಲ್ಲಿ ಮುಗ್ಗರಿಸಿದ್ದಳು. ಅವರು ದಡಬಡಿಸಿ ಎದ್ದರು. ಪುಟ್ಟ ಕುರ್ಚಿಯೂ ಸೊಂಟ ಬಿಡದೆ ಅವರೊಂದಿಗೇ ಎದ್ದಿತು! ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ತಂಗಿ ಓಡಿಹೋಗಿ ಮಗುವನ್ನು ಅಪ್ಪಿಕೊಂಡಿದ್ದಳು.

“ಕುಚ್ ನೈ ಹುವಾ ಬೇಟಾ, ಕುಚ್ ನೈ…”

ಉರ್ದು! ಇವಳು ಯಾವಾಗ ಕಲಿತಳು? ಯಾರಿಂದ? ಒಡಹುಟ್ಟಿದ ನನಗೇ ಗೊತ್ತಿರಲಿಲ್ಲ. ಮಗುವಿನ ಮೊಣಕಾಲಿನ ರಕ್ತ ಕಂಡು ಇವಳ ಕಣ್ಣಲ್ಲೇ ನೀರು. ಮಗು ಅಳು ನಿಲ್ಲಿಸಿ ಆ ಮುಖವನ್ನೇ ನೋಡಿತು. ಮಣ್ಣು ಮೆತ್ತಿದ ಅಂಗೈಯಿಂದ ಅವಳ ಕೆನ್ನೆ ಒರೆಸಿ, ಕನ್ನಡದಲ್ಲಿ ಹೇಳಿತು:

“ಅಳಬ್ಯಾಡ್ರಿ ಮಿಸ್. ಏನೂ ಆಗಿಲ್ರಿ.”

ಬಾಗಿಲಲ್ಲಿ ಕುರ್ಚಿ ಹಿಡಿದು ನಿಂತಿದ್ದ ಅಪ್ಪ ಅದನ್ನು ಮೆಲ್ಲಗೆ ಕೆಳಗಿಟ್ಟರು. “ಮೇಡಂ, ಸೋಮವಾರ ಎಷ್ಟೊತ್ತಿಗೆ ಕರ್ಕೊಂಡ್ ಬರ್ಲಿ?”

ತಂಗಿ ಮಗುವಿನ ಮೊಣಕಾಲು ಒರೆಸುತ್ತಿದ್ದಳು. ನಾನೇ ಎದೆಯುಬ್ಬಿಸಿ ಮುಂದೆ ಹೋಗಿ ಹೇಳಿದೆ:

“ಒಂಬತ್ತಕ್ಕೆ ಬರ್ರಿ. ನಾನು ಇವಳ ಅಣ್ಣ.”