ದಕ್ಷಿಣ ಸುಡಾನಿಗೆ ಹೊರಟ ಕಾಫಿ ಡಬ್ಬಿ

ಚಂದ್ರಾಬಾಯಿ: ಇದಕ್ಕ ಕಾಫಿ ಪುಡಿ ಅಂತಾರೇನ್ರಿ ಇಸಾಕಣ್ಣ? ಮೂಸಿ ನೋಡ್ರಿ. ನೀವ ಮೂಸಿ ನೋಡ್ರಿ!

ಇಸಾಕ: ಮೂಸೂದೇನೈತಿ ವೈನಿ? ನಿನ್ನಿ ನಾನ ಹುರದು, ನಾನ ಬೀಸಿ, ನಾನ ಕಟ್ಟಿ ಕೊಟ್ಟೀನಿ. ಒಂದ ನಂಬರ್ ಮಾಲು.

ಚಂದ್ರಾಬಾಯಿ: ಒಂದ ನಂಬರ್ ಅಂತ! ಮುಂಜಾನೆ ಕಾಸಿ ಅರ್ಧಾ ಕಪ್ ಕುಡದೆ, ಎದಿ ಇನ್ನೂ ಢವಢವ ಅನ್ನಾಕತ್ತೈತಿ.

ಇಸಾಕ: ಅದ ಖರೆ ಕಾಫಿ ಗುರ್ತ ವೈನಿ.

ಚಂದ್ರಾಬಾಯಿ: ನನಗ ಹೇಳಬ್ಯಾಡ್ರಿ. ಇಪ್ಪತ್ತೈದ ವರ್ಷ ಆತು ಕಾಫಿ ಕುಡ್ಯಾಕತ್ತು. ರಾತ್ರಿ ಊಟ ಆದಮ್ಯಾಲ ಒಂದ ಕಪ್ ಕುಡದ್ರ ಕೂಸಿನಂಗ ನಿದ್ದಿ ಹತ್ತತಿತ್ತು.

ಇಸಾಕ: ಕಾಫಿ ಕುಡದು... ನಿದ್ದಿ?

ಹೆಂಡತಿಯ ಬೆನ್ನ ಹಿಂದೆ ನಿಂತಿದ್ದ ಭಾಗಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಭಾಗಪ್ಪ: ಇಸಾಕ ಭಾಯ್, ಈ ಬೀಸೂ ಮಷೀನ್ ಹೊಸಾದೇನು?

ಇಸಾಕ: ಹನ್ನೆರಡ ವರ್ಷದ್ದು.

ಭಾಗಪ್ಪ: ಹಂಗ ಕಾಣೂದ ಇಲ್ಲ ನೋಡು.

ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಸಾಕನ ಕಾಫಿ ಪುಡಿ ಅಂಗಡಿ. ಚಹಾ ಇಲ್ಲದೆ ಹೊತ್ತು ಹೊರಳದ ಈ ಸೀಮೆಯಲ್ಲಿ ಅವನಿಗಿರುವ ಗಿರಾಕಿಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಅವರಲ್ಲಿ ಕಾಖಂಡಕಿಯ ಭಾಗಪ್ಪನೂ ಒಬ್ಬ. ಅವನ ಹೆಂಡತಿ ಚಂದ್ರಾಬಾಯಿ ಅಂಗನವಾಡಿ ಕಾರ್ಯಕರ್ತೆ. ಮದುವೆಯ ಹೊಸತರಲ್ಲಿ ಧಾರವಾಡಕ್ಕೆ ತರಬೇತಿಗೆ ಹೋದಾಗ ಕಾಫಿಯ ರುಚಿ ಹಿಡಿದವಳು. ಊರೆಲ್ಲ ಚಹಾ ಕುಡಿದರೆ ತನ್ನ ಮನೆಯಲ್ಲಿ ಮಾತ್ರ ಕಾಫಿ ಎಂಬ ಹಮ್ಮು ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವರ ಒಬ್ಬನೇ ಮಗ ಮಹಾದೇವ ಸೈನ್ಯದಲ್ಲಿದ್ದಾನೆ. ಶಾಂತಿಪಡೆಯ ಜೊತೆ ದಕ್ಷಿಣ ಸುಡಾನಿಗೆ ಹೋಗಿ ಎಂಟು ತಿಂಗಳಾಗಿತ್ತು. ಅವನ ಜೊತೆಯವನೇ ಆದ ನಿಡೋಣಿಯ ಶಿವಾಜಿ ರಜೆಗೆ ಬಂದಿದ್ದು, ನಾಳೆ ಬೆಳಿಗ್ಗೆ ಹಿಂದಿರುಗುವವನಿದ್ದ. ಉಂಡಿ ಬೇಡ, ಚಕ್ಕುಲಿ ಬೇಡ, ನಮ್ಮ ಮನೆಯ ಕಾಫಿ ಪುಡಿ ಒಂದು ಡಬ್ಬಿ ಕಳಿಸಿ ಸಾಕು ಎಂದು ಮಹಾದೇವ ಹೇಳಿ ಕಳಿಸಿದ್ದ. ಆ ಡಬ್ಬಿಗೆಂದು ಭಾಗಪ್ಪ ನಿನ್ನೆ ತಂದ ಪುಡಿಯೇ ಈಗ ಅಂಗಡಿಯ ಗಲ್ಲಾ ಮೇಜಿನ ಮೇಲೆ ಕೂತು ವಿಚಾರಣೆ ಎದುರಿಸುತ್ತಿತ್ತು. ಆ ಮನೆಯ ಕಾಫಿಯ ಗುಟ್ಟು ಗೊತ್ತಿದ್ದವನು ಭಾಗಪ್ಪ ಒಬ್ಬನೇ. ಅದು ಹೊರಬಿದ್ದರೆ ಹೆಂಡತಿ ಕೈಗೆ ಸಿಗುತ್ತಾನೆ, ಮುಚ್ಚಿಟ್ಟರೆ ಮಗನಿಗೆ ಬೇಡದ ಪುಡಿ ಹೋಗುತ್ತದೆ. ಪಾಪ, ಮೂರನೆಯ ದಾರಿಯೊಂದು ಕಾಣಬಹುದೇ ಎಂದು ಅವನು ಮಷೀನಿನ ಸಂದುಗಳಲ್ಲೆಲ್ಲ ಹುಡುಕುತ್ತಿದ್ದ.

ಚಂದ್ರಾಬಾಯಿ: ನೀವು ಮಾಲು ಬದಲ್ ಮಾಡೀರಿ ಇಸಾಕಣ್ಣ. ಪ್ರತಿ ತಿಂಗಳಾ ಕೊಡ್ತಿದ್ದಿರಲ್ಲ, ಆ ಪುಡಿ ಕೊಡ್ರಿ.

ಇಸಾಕ: ಪ್ರತಿ ತಿಂಗಳಾ? ವೈನಿ, ಭಾಗಪ್ಪಣ್ಣ ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಬರ್ತಾರ. ಅರ್ಧಾ ಕಿಲೋ ಒಯ್ತಾರ. ನಿನ್ನಿ ಎರಡ ಕಿಲೋ ಕಟ್ಟು ಅಂದಾಗ ನನಗ ಗಾಬ್ರಿ ಆತು, ಮನ್ಯಾಗ ಏನರ ಕಾರ್ಯೇವ ಐತೇನೋ ಅಂತ.

ಚಂದ್ರಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವಳು ನಿಧಾನವಾಗಿ ತಿರುಗಿದಳೆಂದರೆ ಅಂಗನವಾಡಿಯ ಮಕ್ಕಳು ಕೂಡ ಕೈಕಟ್ಟಿ ಕೂರುತ್ತಿದ್ದರು.

ಚಂದ್ರಾಬಾಯಿ: ನಮ್ಮನಿ ಡಬ್ಬಿ ತಿಂಗಳಾ ತುಂಬತೈತಿ. ಯಾರ ತುಂಬತಾರ್ರಿ ಅದನ್ನ?

ಭಾಗಪ್ಪ: ತಿಕೋಟಾದಿಂದನೂ ತರತೀನಿ, ಮಾರಾಯ್ತಿ.

ಚಂದ್ರಾಬಾಯಿ: ತಿಕೋಟಾದಾಗ ಯಾರ ಅಂಗಡಿ?

ಭಾಗಪ್ಪ: ಹಣಮಂತರಾಯಂದು.

ಚಂದ್ರಾಬಾಯಿ: ನನ್ನ ತವರಮನಿ ತಿಕೋಟಾ. ನನಗ ಗೊತ್ತಿಲ್ಲದ ಹಣಮಂತರಾಯ ಎಲ್ಲಿದ್ದಾನ?

ಭಾಗಪ್ಪ: ಅಂವ ಅಂಗಡಿ ಮುಚ್ಚ್ಯಾನ.

ಚಂದ್ರಾಬಾಯಿ: ಯಾವಾಗ?

ಭಾಗಪ್ಪ: ಈಗ... ಸ್ವಲ್ಪ ಹೊತ್ತಾತು.

ಚಂದ್ರಾಬಾಯಿ: ತಡೀರಿ, ನಮ್ಮಣ್ಣಗ ಫೋನ್ ಹಚ್ಚತೀನಿ.

ಭಾಗಪ್ಪ: ತಿಕೋಟಾ ಅಲ್ಲ, ಬಾಯಿ ತಪ್ಪಿ ಅಂದೆ. ಬಬಲೇಶ್ವರ ಸಂತ್ಯಾಗ ತರತೀನಿ.

ಇಸಾಕ: ಬಬಲೇಶ್ವರ ಸಂತ್ಯಾಗ ಕಾಫಿ ಪುಡಿ? ಅಲ್ಲಿ ಯಾರ ಮಾರತಾರ ಹೇಳ್ರಿ ಅಣ್ಣ, ನನ್ನ ಹೊಟ್ಟಿ ಮ್ಯಾಗ ಹೊಡ್ಯಾಕತ್ತಾರಲ್ಲ!

ಭಾಗಪ್ಪ ಅಂಗಡಿಯವನಿಗೆ ಕಣ್ಸನ್ನೆ ಮಾಡಿದ. ಇಸಾಕನದು ಸಹಾಯ ಮಾಡುವ ಸ್ವಭಾವ. ಹಳೆಯ ಗಿರಾಕಿ ಸಂಕಟದಲ್ಲಿದ್ದಾನೆಂದು ತಿಳಿದು, ತನಗೆ ತೋಚಿದ ಉಪಕಾರ ಮಾಡಿದ.

ಇಸಾಕ: ಯಾರರ ಮನ್ಯಾಗ ಮಾಡಿ ಕೊಡ್ತಿರಬೇಕು ಬಿಡ್ರಿ ವೈನಿ.

ಚಂದ್ರಾಬಾಯಿ: ಯಾರ ಮನ್ಯಾಗ?

ಭಾಗಪ್ಪ: ಏ ಇಸಾಕ, ನಿನ್ನ ಬಾಯಾಗ...

ಚಂದ್ರಾಬಾಯಿ: ಈಗ ತಿಳೀತು ನನಗ! ತಿಂಗಳಿಗೊಮ್ಮೆ ಹೊಲಕ್ಕ ಹೋಗಿ ಬಂದ್ರ ಅಂಗಿಗೆಲ್ಲಾ ಹೊಗಿ ವಾಸನಿ. ಕೇಳಿದ್ರ ಬದುವಿನ ಕಸಾ ಸುಟ್ಟೆ ಅಂತಿದ್ರಿ. ಯಾರಾಕಿ ಆಕಿ? ಯಾರಾಕಿ ಒಲಿ ಮುಂದ ಕುಂಡ್ರಾಕ ಹೊಕ್ಕಿದ್ರಿ?

ಭಾಗಪ್ಪ: ಐವತ್ತೆಂಟ ಆತು ನನಗ! ಮಂಡಿ ಮಡಚಿ ಕುಂತ್ರ ಏಳಾಕ ಬರೂದಿಲ್ಲ, ಯಾರ ಒಲಿ ಮುಂದ ಕುಂಡ್ರಲಿ?

ಚಂದ್ರಾಬಾಯಿ: ಅದ ಮತ್ತ, ಎಬ್ಬಸಾಕ ಯಾರೋ ಅದಾರ!

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ, ತಲೆಗೂದಲು ಗಿಡ್ಡಗೆ ಕತ್ತರಿಸಿದ ಎತ್ತರದ ಯುವಕನೊಬ್ಬ ಅಂಗಡಿ ಹತ್ತಿ ಬಂದ. ಡಬ್ಬಿ ಒಯ್ಯಲು ಬಂದ ನಿಡೋಣಿಯ ಶಿವಾಜಿ.

ಶಿವಾಜಿ: ನಮಸ್ಕಾರ್ರಿ ಕಾಕು, ಕಾಕಾ. ಕಾಫಿ ಡಬ್ಬಿ ತಯಾರೈತೇನ್ರಿ?

ಚಂದ್ರಾಬಾಯಿ: ಬಾರಪಾ ತಮ್ಮಾ. ನಮ್ಮ ಮಾದೇವ ಹ್ಯಾಂಗದಾನ? ಆ ದೇಶದಾಗ ಕಾಫಿ ಸಿಗೂದ ಇಲ್ಲೇನು?

ಶಿವಾಜಿ: ಸಿಗೂದಿಲ್ಲ ಅಂತೀರಾ? ಬಾಜೂ ದೇಶದಾಗ ಕಾಫೀನ ಬೆಳೀತಾರ್ರಿ. ಕ್ಯಾಂಪಿಗಿ ಚೀಲಗಟ್ಲೆ ಬರ್ತೈತಿ. ಮಾದೇವ ಒಂದ ಗುಟುಕ ಕುಡದು ಇಟ್ಟಬಿಡ್ತಾನ. ‘ಎಲ್ಲಾ ಐತಿ, ಇದರಾಗ ಏನೋ ಒಂದ ಕಮ್ಮಿ ಐತಿ’ ಅಂತಾನ.

ಚಂದ್ರಾಬಾಯಿ: ಹೋಗುವಾಗ ಒಂದ ಡಬ್ಬಿ ಕೊಟ್ಟಿದ್ದೆಲ್ಲೋ?

ಶಿವಾಜಿ: ಅದು ಎರಡ ತಿಂಗಳಿಗೇ ಖಾಲಿ ಆತ್ರಿ, ನಾವ ಹನ್ನೆರಡ ಮಂದಿ ಕುಡದ ಮುಗಿಸಿದ್ವಿ. ಈಗ ಡ್ಯೂಟಿ ಮುಗದ ಮ್ಯಾಲ ಖಾಲಿ ಡಬ್ಬಿ ಮುಚ್ಚಳ ತಗದು ಮೂಸತಾನ್ರಿ. ಮದಲ ನಾವು ನಗತಿದ್ವಿ. ಆಮ್ಯಾಲ ನಮಗೂ ಮನಿ ನೆನಪಾಗಿ ಸುಮ್ಮನ ಕುಂಡ್ರತೀವಿ.

ಚಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದೂರದ ದೇಶದಲ್ಲಿ ಬಂದೂಕು ಕೆಳಗಿಟ್ಟು ಖಾಲಿ ಡಬ್ಬಿ ಮೂಸುವ ಮಗ ಕಣ್ಣ ಮುಂದೆ ಬಂದ ಮೇಲೆ, ಹೆಂಡತಿಯ ಸಿಟ್ಟು ಎಷ್ಟರದ್ದು ಅನಿಸಿತು ಭಾಗಪ್ಪನಿಗೆ.

ಭಾಗಪ್ಪ: ಜ್ವಾಳ ಕಮ್ಮಿ ಐತಿ.

ಚಂದ್ರಾಬಾಯಿ: ಏನಂದ್ರಿ?

ಭಾಗಪ್ಪ: ಏನೋ ಒಂದ ಕಮ್ಮಿ ಐತಿ ಅಂತಾನಲ್ಲ, ಅದು ಜ್ವಾಳ. ನಮ್ಮನಿ ಡಬ್ಬ್ಯಾಗ ಮೂರ ಪಾಲು ಜ್ವಾಳ, ಒಂದ ಪಾಲು ಕಾಫಿ.

ಇಸಾಕ ಕೂತಿದ್ದ ಸ್ಟೂಲಿನಿಂದ ಎದ್ದು ನಿಂತ. ಭಾಗಪ್ಪ ನೆಲ ನೋಡುತ್ತಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಲು ನೋಡಿದ.

ಭಾಗಪ್ಪ: ಮಾದೇವ ಹುಟ್ಟಿ ಮೂರ ತಿಂಗಳಾಗಿತ್ತು. ಬಾಣಂತನ ಮುಗಿಸಿ ಆವತ್ತ ನೀ ತವರಮನಿಂದ ಬರಾಕಿ. ಬಂದಕೂಡ್ಲೆ ಕಾಫಿ ಕೇಳತಿ ಅಂತ ಇಲ್ಲಿಂದ ಒಯ್ದೆ. ಬಬಲೇಶ್ವರದಾಗ ಜೀಪ್ ಹತ್ತುವಾಗ ಪಾಕೀಟ ಹರದು ಕೆಸರಾಗ ಬಿತ್ತು, ಒಂದ ಮುಷ್ಟಿ ಉಳೀತು. ಬರಿಗೈಲೆ ಹ್ಯಾಂಗ ಬರಲಿ? ಹೊಲದ ಗುಡಿಸಲದಾಗ ಬಿಳಿಜ್ವಾಳ ಕರ್ರಗ ಹುರದು, ಕುಟ್ಟಿ ಕೂಡಿಸಿದೆ. ಅದೊಂದ ದಿನ ದಾಟಿದ್ರ ಸಾಕಂತ ಮಾಡಿದ್ದು. ನೀ ಕುಡದು ಏನಂದಿ?

ಚಂದ್ರಾಬಾಯಿ: ಏನಂದೆ?

ಭಾಗಪ್ಪ: ಇಂಥಾ ಕಾಫಿ ಜನ್ಮದಾಗ ಕುಡದಿಲ್ಲ, ಇನ್ನ ಮ್ಯಾಲ ಇದನ್ನ ತರ್ರಿ ಅಂದಿ. ತರಕೋತ ಬಂದೀನಿ.

ಚಂದ್ರಾಬಾಯಿ: ಮತ್ತ ನಿನ್ನಿ ಯಾಕ ಇದನ್ನ ತಂದ್ರಿ?

ಭಾಗಪ್ಪ: ಹೋದಸಲದ ಡಬ್ಬಿ ಹ್ಯಾಂಗೋ ಪಾರಾತು. ಈ ಸಲಾನೂ ವಿಮಾನದಾಗ ಹೋಗೂದು, ಮಿಲಿಟರಿದವರು ಪರೀಕ್ಷಾ ಮಾಡಿ ಜ್ವಾಳ ಅಂತ ಹಿಡದ್ರ ಮಾದೇವನ ನೌಕರಿಗಿ ಬಂದೀತು ಅಂತ ಹೆದರಿದೆ.

ಚಂದ್ರಾಬಾಯಿ: ಯವ್ವಾ, ಯವ್ವಾ! ಊರ ಮಂದಿಗೆಲ್ಲಾ ಕುಡಿಸೀನಲ್ರೀ! ನಮ್ಮ ಸುಪರ್‌ವೈಜರ್ ಬಾಯಾರು ಕುಡದು ಹೇಳಿದ್ರು, ‘ಚಂದ್ರಾಬಾಯಿ, ಇಂಥಾ ಕಾಫಿ ಧಾರವಾಡದಾಗೂ ಸಿಗೂದಿಲ್ಲ’ ಅಂತ!

ಇಸಾಕ: ಖರೇನ ಹೇಳ್ಯಾರ ವೈನಿ. ಎಲ್ಲೂ ಸಿಗೂದಿಲ್ಲ.

ಶಿವಾಜಿ: ಕಾಕು, ನಮ್ಮ ಸುಬೇದಾರ ಸಾಹೇಬ್ರು ಕೊಡಗಿನವರು. ಮನ್ಯಾಗ ಕಾಫಿ ತೋಟ ಐತಿ. ಅವರೂ ಕುಡದು, ‘ಇದು ಯಾವ ತೋಟದ್ದೋ ಮಾದೇವ’ ಅಂತ ಕೇಳಿದ್ರು.

ಚಂದ್ರಾಬಾಯಿ: ಅಂವ ಏನಂದ?

ಶಿವಾಜಿ: ‘ಕಾಖಂಡಕಿ ತೋಟದ್ದ್ರಿ ಸಾಹೇಬ್ರ’ ಅಂದ.

ಚಂದ್ರಾಬಾಯಿ ಸಿಟ್ಟಿನ ಮುಖವನ್ನು ಆದಷ್ಟು ಹಿಡಿದಿಟ್ಟುಕೊಂಡಳು. ಆದರೆ ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ, ಕಡೆಗೆ ಗಲ್ಲಾ ಮೇಜು ಹಿಡಿದುಕೊಂಡು ನಗತೊಡಗಿದಳು. ಭಾಗಪ್ಪನಿಗೆ ಹೋದ ಜೀವ ಬಂದಂತಾಯಿತು.

ಚಂದ್ರಾಬಾಯಿ: ತಮ್ಮಾ, ಸಂಜಿಕ ನಿಡೋಣಿಗೆ ಬಂದು ಡಬ್ಬಿ ಮುಟ್ಟಸ್ತೀವಿ. ಎಷ್ಟ ಹಿಡಿಸ್ತೈತಿ ನಿನ್ನ ಚೀಲದಾಗ?

ಶಿವಾಜಿ: ಎರಡ ಅಂಗಿ ತಗದಿಡ್ತೀನಿ ಕಾಕು, ಎಷ್ಟರ ಕೊಡ್ರಿ.

ಇಸಾಕ: ಇಲ್ಲೇ ಹುರದ ಕೊಡ್ಲೇನ್ರಿ?

ಭಾಗಪ್ಪ: ನಿನ್ನ ಮಷೀನದಾಗ? ಆಗೂದಿಲ್ಲ ಆಗೂದಿಲ್ಲ. ಅದಕ್ಕ ಮಣ್ಣಿನ ಹಂಚ ಬೇಕು, ತೊಗರಿಕಟಗಿ ಉರಿ ಬೇಕು. ಕಾಳ ಚಟಪಟ ಅನ್ನೂದು ನಿಂತಮ್ಯಾಲ ಹತ್ತ ಎಣಿಸಿ ಇಳಿಸಬೇಕು. ಎಲ್ಲಾರಿಗೂ ಬರೂ ಕೆಲಸ ಅಲ್ಲ ಅದು.

ಅರ್ಧ ಗಂಟೆಯ ಹಿಂದೆ ಮಷೀನಿನ ಸಂದಿಯಲ್ಲಿ ಅಡಗಲು ಜಾಗ ಹುಡುಕುತ್ತಿದ್ದ ಮನುಷ್ಯ ಈಗ ಎದೆ ಮುಂದೆ ಮಾಡಿ ನಿಂತಿದ್ದ. ಚಂದ್ರಾಬಾಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಪ್ಪತ್ತೈದು ವರ್ಷ ಬಾಯಿಬಿಡದೆ ತಿಂಗಳು ತಪ್ಪದೆ ಹೊಗೆ ಕುಡಿದ ಗಂಡನ ಮೇಲೆ ಅವಳಿಗೆ ನಿಜಕ್ಕೂ ಅಕ್ಕರೆ ಉಕ್ಕಿತು. ಅಕ್ಕರೆಯ ಹಿಂದೆಯೇ ಒಂದು ಯೋಚನೆಯೂ ಬಂತು. ಅವಳ ಕೈ ತಾನಾಗಿ ಕೊರಳಿನ ಚಿನ್ನದ ಸರ ಬೋರಮಾಳದ ಗುಂಡುಗಳ ಮೇಲೆ ಹೋಯಿತು.

ಚಂದ್ರಾಬಾಯಿ: ಅಂದಂಗ್ರಿ, ಮಾದೇವ ಹುಟ್ಟಿದ ವರ್ಷ ಈ ಬೋರಮಾಳ ಮಾಡಿಸಿಕೊಂಡ ಬಂದ್ರಲ್ಲ. ಆವತ್ತೂ ನೀವ ಒಬ್ಬರ ಹೋಗಿದ್ರಿ, ಹೌದಿಲ್ಲೋ?

ಭಾಗಪ್ಪ: ಆಂ? ಹೌದು... ಯಾಕ?

ಚಂದ್ರಾಬಾಯಿ: ಏನಿಲ್ಲ. ಬಾಜೂಕ ಬಂಗಾರದ ಪತ್ತಾರ ಅಂಗಡಿ ಐತಿ. ಬಂದದ್ದ ಬಂದೀವಿ, ಒಂದೀಟ ಒರೆಗಲ್ಲಿಗೆ ಉಜ್ಜಿ ನೋಡಸೋಣ ನಡೀರಿ.

ಭಾಗಪ್ಪ: ಏ, ಹುಚ್ಚಿ! ಹೊತ್ತೆಲ್ಲೈತಿ? ಅಲ್ಲಿ ಮಗಾ ಡಬ್ಬಿ ಮೂಸಾಕತ್ತಾನ, ಇಲ್ಲಿ ಪತ್ತಾರ ಅಂತಾಳ! ನಡಿ ನಡಿ, ಬಸ್ ಹೋಗ್ತೈತಿ!

ಇಸಾಕ ಗೋಡೆಯ ಗಡಿಯಾರ ನೋಡಿದ. ಮೊದಲೇ ಹೇಳಿದಂತೆ ಅವನದು ಸಹಾಯ ಮಾಡುವ ಸ್ವಭಾವ.

ಇಸಾಕ: ಗಡಿಬಿಡಿ ಮಾಡಬ್ಯಾಡ್ರಿ ಭಾಗಪ್ಪಣ್ಣ. ಕಾಖಂಡಕಿ ಬಸ್ಸಿಗಿ ಇನ್ನೂ ಒಂದ ತಾಸ ಐತಿ.